ಕಂಪ್ಯೂಟರಿನ ಹೊಸ ವೇಷ: ರುಚಿಯ ಜಗಳ, ಕೆಲಸದ ಜಗಳ

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗಲೆಲ್ಲ ಎರಡು ಜಗಳ ಒಟ್ಟಿಗೇ ಹುಟ್ಟುತ್ತವೆ. ಒಂದು ರುಚಿಯ ಜಗಳ: ಬಣ್ಣ ಚೆನ್ನಾಗಿಲ್ಲ, ಐಕಾನು ಆಟಿಕೆಯ ಹಾಗಿದೆ, ಹಳೆಯದೇ ಲಕ್ಷಣವಾಗಿತ್ತು. ಇನ್ನೊಂದು ಕೆಲಸದ ಜಗಳ: ಅಕ್ಷರ ಓದಲಾಗುತ್ತಿಲ್ಲ, ಬಟನ್ ಇದ್ದ ಜಾಗದಲ್ಲಿಲ್ಲ, ಎರಡು ಕ್ಲಿಕ್ಕಿಗೆ ಆಗುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ಬೇಕು. ಎರಡೂ ಒಂದೇ ಬಾಯಿಂದ, ಒಂದೇ ಸಿಟ್ಟಿನಲ್ಲಿ ಹೊರಡುವುದರಿಂದ ಕೇಳುವವರಿಗೆ ಬೇರೆಬೇರೆಯಾಗಿ ಕೇಳಿಸುವುದಿಲ್ಲ. ಜನಕ್ಕೆ ಬದಲಾವಣೆ ಎಂದರೆ ಆಗುವುದಿಲ್ಲ, ನಾಲ್ಕು ತಿಂಗಳು ಹೋದರೆ ಒಗ್ಗಿಕೊಳ್ಳುತ್ತಾರೆ ಎಂಬ ಸಮಾಧಾನ ಆಗ ಎಲ್ಲೆಡೆ ಕೇಳಿಬರುತ್ತದೆ. ಕಳೆದ ಇಪ್ಪತ್ತೈದು ವರ್ಷಗಳ ಡೆಸ್ಕ್‌ಟಾಪ್ ಚರಿತ್ರೆಯನ್ನು ಬಿಡಿಸಿ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ರುಚಿಯ ಜಗಳ ತಾನಾಗಿ ತಣ್ಣಗಾಗಿದೆ. ಕೆಲಸದ ಜಗಳ ಮಾತ್ರ ಬಹುತೇಕ ಸಲ ಕಂಪನಿ ಹಿಂದೆ ಸರಿದ ಮೇಲೇ ನಿಂತಿದೆ.

ಈ ಸಲ ಮಾತು ಎದ್ದಿರುವುದು ಆ್ಯಪಲ್‌ನಿಂದ. 2025ರ ಜೂನ್ 9ರಂದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಶುರುವಾದ ಡೆವಲಪರ್ ಸಮಾವೇಶದಲ್ಲಿ ಅದು 'ಲಿಕ್ವಿಡ್ ಗ್ಲಾಸ್' ಎಂಬ ಹೊಸ ವಿನ್ಯಾಸವನ್ನು ತೋರಿಸಿತು. ಐಫೋನ್, ಐಪ್ಯಾಡ್, ವಾಚ್, ಟಿವಿ, ಮ್ಯಾಕ್ ಎಲ್ಲಕ್ಕೂ ಒಂದೇ ವೇಷ. ಆವೃತ್ತಿಯ ಸಂಖ್ಯೆಯೂ ಎಲ್ಲಕ್ಕೂ ಒಂದೇ ಆಯಿತು. ಮ್ಯಾಕ್‌ಓಎಸ್ 15ರಿಂದ ನೇರ 26ಕ್ಕೆ ಹೋಯಿತು. ಟಾಹೋ ಎಂಬ ಹೆಸರಿನ ಆ ಮ್ಯಾಕ್‌ಓಎಸ್ ಸೆಪ್ಟೆಂಬರ್ 15ರಂದು ಬಿಡುಗಡೆಯಾಯಿತು. ಅದರಲ್ಲಿ ಪರದೆಯ ನೆತ್ತಿಯ ಮೆನು ಬಾರ್‌ಗೆ ಹಿನ್ನೆಲೆಯೇ ಇಲ್ಲ. ಹೆಸರುಗಳು ನೇರವಾಗಿ ವಾಲ್‌ಪೇಪರಿನ ಮೇಲೆ ಕೂತಿರುತ್ತವೆ. ಟೂಲ್‌ಬಾರ್‌ನ ಬಟನ್ನುಗಳು ಗಾಜಿನ ಕ್ಯಾಪ್ಸೂಲ್‌ಗಳಾಗಿ ಮೇಲೆ ತೇಲುತ್ತವೆ, ಕೆಳಗೆ ಹಾದುಹೋಗುವ ಪುಟದ ಬಣ್ಣ ಅವುಗಳೊಳಗೆ ಬಗ್ಗಿ ಕಾಣುತ್ತದೆ. ಸೈಡ್‌ಬಾರ್ ವಿಂಡೋದಿಂದ ಬಿಡಿಸಿ ಇಟ್ಟ ಇನ್ನೊಂದು ಹಾಳೆಯಂತೆ ನಿಂತಿರುತ್ತದೆ. ವಿಂಡೋಗಳ ಮೂಲೆ ಮೊದಲಿಗಿಂತ ದುಂಡಗೆ, ಅದೂ ಎಲ್ಲ ವಿಂಡೋಗಳಿಗೂ ಒಂದೇ ಅಳತೆಯಲ್ಲಲ್ಲ. ಆ್ಯಪ್‌ಗಳ ಐಕಾನುಗಳೆಲ್ಲ ಒಂದೇ ಆಕಾರದ ಚೌಕದೊಳಗೆ ಬರಬೇಕು. ಬರದವುಗಳನ್ನು ವ್ಯವಸ್ಥೆಯೇ ಕುಗ್ಗಿಸಿ ಬೂದುಬಣ್ಣದ ಚೌಕದೊಳಗೆ ಕೂರಿಸುತ್ತದೆ. ಮೆನುಗಳ ಹೆಚ್ಚಿನ ಸಾಲುಗಳ ಪಕ್ಕ ಒಂದೊಂದು ಪುಟ್ಟ ಚಿತ್ರ ಬಂದಿದೆ.

ಇದರಲ್ಲಿ ಯಾವುದು ರುಚಿ, ಯಾವುದು ಕೆಲಸ?

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಸಿಟಿ ಬಸ್ಸಿನ ಬಣ್ಣ ಬದಲಾದರೆ ಜನ ಎರಡು ದಿನ ಮಾತಾಡಿ ಮೂರನೇ ದಿನ ಹತ್ತಿ ಹೋಗುತ್ತಾರೆ. ಅದೇ ಬಸ್ಸಿನ ಮಾರ್ಗಫಲಕವನ್ನು ಗಾಜಿನ ಮೇಲೆ ಸಣ್ಣ ಬಿಳಿ ಅಕ್ಷರದಲ್ಲಿ ಬರೆದರೆ ಬಿಸಿಲಿನಲ್ಲಿ ನಿಂತವರಿಗೆ ಬಸ್ಸು ತಪ್ಪುತ್ತದೆ; ಎರಡನೇ ವರ್ಷವೂ ತಪ್ಪುತ್ತದೆ. ಟಾಹೋದ ಹೊಳಪು, ದುಂಡಗಿನ ಮೂಲೆ, ಐಕಾನಿನ ಬಣ್ಣ ಬಸ್ಸಿನ ಬಣ್ಣದ ಸಾಲಿಗೆ ಸೇರಿದವು. ಗಾಜಿನ ಮೇಲೆ ಬರೆದ ಮೆನು ಮಾರ್ಗಫಲಕದ ಸಾಲಿಗೆ.

ಓದುವಿಕೆಗೆ ಅಳತೆಗೋಲು ಇಲ್ಲವೆಂದೇನಿಲ್ಲ. ವೆಬ್ ಪುಟಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರ ಬೆಳಕಿನ ಅಂತರವಿರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಗಟ್ಟಿ ಹಿನ್ನೆಲೆಯ ಮೇಲೆ ಬರೆಯುವ ವಿನ್ಯಾಸಕ ಇದನ್ನು ಮೊದಲೇ ಲೆಕ್ಕ ಹಾಕಬಲ್ಲ. ಗಾಜಿನ ಮೇಲೆ ಬರೆಯುವವನಿಗೆ ಆ ಲೆಕ್ಕ ಕೈಗೆ ಸಿಗುವುದಿಲ್ಲ. ಹಿಂದೆ ಮಗುವಿನ ಫೋಟೋ ಇದೆಯೋ, ಎಕ್ಸೆಲ್ ಹಾಳೆ ಇದೆಯೋ, ಕಪ್ಪು ಟರ್ಮಿನಲ್ ಇದೆಯೋ ಅವನಿಗೆ ಗೊತ್ತಿಲ್ಲ. ಹಾಗಾಗಿ ವ್ಯವಸ್ಥೆ ತಾನೇ ನೋಡಿಕೊಂಡು ಅಕ್ಷರವನ್ನು ಒಮ್ಮೆ ಕಪ್ಪು, ಒಮ್ಮೆ ಬಿಳಿ ಮಾಡುತ್ತದೆ, ಹಿಂದಿನದನ್ನು ಮಸುಕು ಮಾಡುತ್ತದೆ. ಬಹುತೇಕ ಸಲ ಇದು ಸರಿಹೋಗುತ್ತದೆ. ಸರಿಹೋಗದ ಆ ಒಂದು ಸಲವೇ ಓದುಗನ ಕಣ್ಣು ಕಿರಿದಾಗುವುದು, ಮತ್ತು ಆ ಸಲ ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲಾಗದು. ಮೈಕ್ರೋಸಾಫ್ಟ್ ವಿಂಡೋಸ್ 11ರಲ್ಲಿ ಬಳಸಿದ 'ಮೈಕಾ' ಎಂಬ ಮೇಲ್ಮೈ ಇದಕ್ಕೆ ಬೇರೆ ದಾರಿ ಹಿಡಿದಿದೆ. ಅದು ವಾಲ್‌ಪೇಪರಿನ ಬಣ್ಣದ ಛಾಯೆಯನ್ನು ಒಂದೇ ಸಲ ತೆಗೆದುಕೊಂಡು ಗಟ್ಟಿಯಾಗಿ ಹಚ್ಚುತ್ತದೆ. ಹಿಂದಿರುವ ವಿಂಡೋಗಳು ಅದರ ಮೂಲಕ ಕಾಣುವುದಿಲ್ಲ. ನೋಡಲು ಗಾಜಿನಷ್ಟು ಚೆಂದವಿಲ್ಲ. ಆದರೆ ಅಕ್ಷರ ನಿನ್ನೆ ಹೇಗಿತ್ತೋ ಇಂದೂ ಹಾಗೇ ಇರುತ್ತದೆ. ನನ್ನ ಮತ ಮೈಕಾಕ್ಕೆ.

ಟಾಹೋದ ಇನ್ನೊಂದು ತಕರಾರು ಮೂಲೆಯದು, ಮತ್ತು ಇದನ್ನು ಹತ್ತಿರದಿಂದ ನೋಡಬೇಕು. ವಿಂಡೋವನ್ನು ಹಿಗ್ಗಿಸಲು ಕುಗ್ಗಿಸಲು ನಾವು ಮೌಸನ್ನು ಅದರ ಮೂಲೆಗೆ ಒಯ್ದು ಒತ್ತಿ ಎಳೆಯುತ್ತೇವೆ. 2011ರವರೆಗೆ ಮ್ಯಾಕ್‌ನಲ್ಲಿ ಕೆಳಗಿನ ಬಲಮೂಲೆಯಲ್ಲಿ ಮೂರು ಓರೆಗೀಟುಗಳ ಒಂದು ಹಿಡಿ ಕಣ್ಣಿಗೆ ಕಾಣುವಂತೆಯೇ ಇತ್ತು. ಲಯನ್ ಆವೃತ್ತಿಯಲ್ಲಿ ಅದನ್ನು ತೆಗೆದು, ಯಾವ ಅಂಚಿನಿಂದಲಾದರೂ ಎಳೆಯುವ ಅನುಕೂಲ ಮಾಡಿಕೊಟ್ಟರು. ಟಾಹೋದಲ್ಲಿ ಮೂಲೆ ಬಹಳ ದುಂಡಗಾಯಿತು. ಎಳೆಯಲು ಗೊತ್ತುಮಾಡಿದ ಚೌಕ ಮಾತ್ರ ಮೂಲೆ ಚೂಪಾಗಿದ್ದ ಕಾಲದ ಜಾಗದಲ್ಲೇ ಉಳಿಯಿತು. ದುಂಡಗೆ ಕತ್ತರಿಸಿದ ಮೇಲೆ ಆ ಚೌಕದ ಬಹುಪಾಲು ವಿಂಡೋದ ಹೊರಗೆ, ಖಾಲಿ ಜಾಗದಲ್ಲಿ ಬಿತ್ತು. ಕಣ್ಣಿಗೆ ಕಾಣುವ ಮೂಲೆಯ ಮೇಲೆ ಮೌಸ್ ಇಟ್ಟು ಎಳೆದರೆ ವಿಂಡೋ ಅಲುಗದು. ಸ್ವಲ್ಪ ಹೊರಗೆ, ಏನೂ ಇಲ್ಲದ ಕಡೆ ಇಟ್ಟು ಎಳೆದರೆ ಹಿಗ್ಗುತ್ತದೆ. ಕೈಗೆ ಒಂದು ಜಾಗ, ಕಣ್ಣಿಗೆ ಒಂದು ಜಾಗ. ವಸ್ತುವೊಂದನ್ನು ತಲುಪಲು ಕೈಗೆ ಬೇಕಾಗುವ ಸಮಯ ಅದರ ದೂರ ಮತ್ತು ಗಾತ್ರವನ್ನು ಅವಲಂಬಿಸಿರುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿಕೊಟ್ಟಿದ್ದ. ಮ್ಯಾಕ್‌ನ ಮೆನು ಪರದೆಯ ತುತ್ತತುದಿಯಲ್ಲಿ ಇರುವುದನ್ನು ಬಲ್ಲವರು ಮೆಚ್ಚುವುದು ಈ ಸೂತ್ರದಿಂದಲೇ: ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಅದು ಅಂಚಿನಲ್ಲೇ ನಿಲ್ಲುತ್ತದೆ, ಗುರಿ ತಪ್ಪುವುದಿಲ್ಲ. ಆ ಸೂತ್ರಕ್ಕೆ ಒಳ್ಳೆಯ ಉದಾಹರಣೆ ಕೊಟ್ಟ ವ್ಯವಸ್ಥೆಯಲ್ಲೇ ಹಿಡಿಯುವ ಜಾಗ ಕಣ್ಣಿಗೆ ಕಾಣುವ ಆಕಾರದಿಂದ ಹೊರಗೆ ಹೋದದ್ದು ನೋವಿನ ಸಂಗತಿ.

ಮೆನುವಿನ ಚಿತ್ರಗಳ ಬಗ್ಗೆ ಇಷ್ಟು ಹೇಳಿದರೆ ಸಾಕು. ಹತ್ತು ಸಾಲಿನಲ್ಲಿ ಎರಡಕ್ಕೆ ಚಿತ್ರವಿದ್ದರೆ ಕಣ್ಣು ಆ ಎರಡನ್ನು ತಟ್ಟನೆ ಹಿಡಿಯುತ್ತದೆ. ಹತ್ತಕ್ಕೂ ಇದ್ದರೆ ಯಾವುದೂ ಎದ್ದು ಕಾಣದು. ಒಂದೇ ಕೆಲಸಕ್ಕೆ ಒಂದು ಆ್ಯಪ್‌ನಲ್ಲಿ ಒಂದು ಚಿತ್ರ, ಮತ್ತೊಂದರಲ್ಲಿ ಮತ್ತೊಂದು ಇದ್ದರಂತೂ ಕಲಿತದ್ದೂ ಉಪಯೋಗಕ್ಕೆ ಬಾರದು.

ಈಗ ಹಿಂದಕ್ಕೆ ಹೋಗೋಣ, ಏಕೆಂದರೆ ಇವೆಲ್ಲ ಹೊಸ ಜಗಳಗಳಲ್ಲ. 2000ದ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಆಕ್ವಾ' ಎಂಬ ವಿನ್ಯಾಸವನ್ನು ತೋರಿಸಿದಾಗ ಬಟನ್ನುಗಳು ನೀರಿನ ಹನಿಯಂತೆ ಹೊಳೆಯುತ್ತಿದ್ದವು, ಮೆನುಗಳ ಮೂಲಕ ಹಿಂದಿನದು ಕಾಣುತ್ತಿತ್ತು, ಎಲ್ಲೆಡೆ ಸಣ್ಣ ಗೀಟುಗಳಿದ್ದವು. ವಿರೋಧ ಜೋರಾಗಿಯೇ ಬಂತು. ಆ ವರ್ಷ ಸೆಪ್ಟೆಂಬರಿನಲ್ಲಿ ಹೊರಬಂದ ಸಾರ್ವಜನಿಕ ಬೀಟಾದಲ್ಲಿ ಎಡಮೂಲೆಯ ಆ್ಯಪಲ್ ಮೆನು ಮಾಯವಾಗಿತ್ತು. ಅದರ ಬದಲು ಮೆನು ಬಾರ್‌ನ ನಟ್ಟನಡುವೆ ಒಂದು ಸೇಬಿನ ಚಿತ್ರ. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಬಳಕೆದಾರರು ಪಟ್ಟು ಬಿಡಲಿಲ್ಲ. 2001ರ ಮಾರ್ಚ್ 24ರಂದು ಮ್ಯಾಕ್ ಓಎಸ್ ಟೆನ್ 10.0 ಬಿಡುಗಡೆಯಾದಾಗ ಆ ಮೆನು ಎಡಮೂಲೆಗೆ ಮರಳಿ ಬಂದಿತ್ತು, ಇಂದಿಗೂ ಅಲ್ಲೇ ಇದೆ. ಹನಿಯಂತಹ ಬಟನ್ನುಗಳ ಬಗ್ಗೆ ಎದ್ದ ಗಲಾಟೆಯನ್ನು ಇಂದು ನೆನೆಸುವವರಿಲ್ಲ. ಜನ ಅವುಗಳನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಗೀಟುಗಳು ಮತ್ತು ಪಾರದರ್ಶಕ ಮೆನುಗಳು ಮುಂದಿನ ಆವೃತ್ತಿಗಳಲ್ಲಿ ಸದ್ದಿಲ್ಲದೆ ಮಂಕಾದವು. ರುಚಿ, ಕೆಲಸ ಎರಡೂ ಹೇಗೆ ಬೇರೆಬೇರೆ ದಾರಿ ಹಿಡಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನೂ ಹತ್ತಿರದ ಹೋಲಿಕೆ 2007ರದು. ಆ ವರ್ಷ ಅಕ್ಟೋಬರಿನಲ್ಲಿ ಬಂದ ಲೆಪರ್ಡ್ ಆವೃತ್ತಿಯಲ್ಲಿ ಮೆನು ಬಾರ್ ಅರೆಪಾರದರ್ಶಕವಾಯಿತು. ವಾಲ್‌ಪೇಪರಿನಲ್ಲಿ ಗಿಡಮರಗಳಿದ್ದರೆ ಮೆನುವಿನ ಹೆಸರುಗಳು ಎಲೆಗಳ ನಡುವೆ ಕಳೆದುಹೋಗುತ್ತವೆ ಎಂದು ಜನ ದೂರಿದರು. ನಾಲ್ಕು ತಿಂಗಳಾಗುವ ಮೊದಲೇ, 2008ರ ಫೆಬ್ರವರಿಯ 10.5.2 ಅಪ್‌ಡೇಟ್‌ನಲ್ಲಿ, ಅದನ್ನು ಆಫ್ ಮಾಡುವ ಒಂದು ಟಿಕ್ ಪೆಟ್ಟಿಗೆ ಸೆಟ್ಟಿಂಗ್ಸ್ ಸೇರಿತು. ಹದಿನೆಂಟು ವರ್ಷಗಳ ನಂತರ ಟಾಹೋ ಅದೇ ಪ್ರಯೋಗವನ್ನು ಇನ್ನಷ್ಟು ಮುಂದಕ್ಕೆ ಒಯ್ದು, ಮೆನು ಬಾರ್‌ಗೆ ಹಿನ್ನೆಲೆ ಬೇಕಾದರೆ ಹಾಕಿಕೊಳ್ಳಿ ಎಂಬ ಸ್ವಿಚ್ಚನ್ನೂ ಜೊತೆಗೇ ಕೊಟ್ಟಿತು. ಅಂದರೆ ತೊಂದರೆ ಆಗುತ್ತದೆಂದು ಮೊದಲೇ ತಿಳಿದಿತ್ತು. ತಿಳಿದೂ ಓದಲಾಗದ್ದನ್ನೇ ಎಲ್ಲರಿಗೂ ಮೊದಲ ಆಯ್ಕೆಯಾಗಿ ಇಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕುವವರು ಕಡಿಮೆ. ಮೊದಲ ದಿನ ಹೇಗಿತ್ತೋ ಹಾಗೇ ವರ್ಷಗಟ್ಟಲೆ ಬಳಸುವವರೇ ಹೆಚ್ಚು.

ಮೈಕ್ರೋಸಾಫ್ಟ್ ಕಡೆಯ ಕತೆ ಇನ್ನೂ ದೊಡ್ಡದು. 2001ರ ವಿಂಡೋಸ್ ಎಕ್ಸ್‌ಪಿಯ ನೀಲಿ ಪಟ್ಟಿ, ಹಸಿರು ಸ್ಟಾರ್ಟ್ ಬಟನ್ನು ಮಕ್ಕಳ ಆಟಿಕೆಯಂತಿದೆ ಎಂದು ಆಗ ಮೂಗು ಮುರಿದವರು ಬಹಳ. ಆದರೆ ಎಲ್ಲವೂ ಇದ್ದ ಜಾಗದಲ್ಲೇ ಇತ್ತು. ಬೇಡವಾದವರಿಗೆ ಹಳೆಯ ಬೂದುಬಣ್ಣದ 'ಕ್ಲಾಸಿಕ್' ರೂಪವೂ ಇತ್ತು. ಜಗಳ ತಾನಾಗಿ ಆರಿತು, ಅದೇ ಎಕ್ಸ್‌ಪಿಯನ್ನು ಜನ ಹತ್ತು ವರ್ಷ ದಾಟಿದರೂ ಬಿಡಲಿಲ್ಲ. 2007ರ ವಿಸ್ಟಾ ಗಾಜನ್ನು ತಂದಿತು, ಅದರ ಹೆಸರು ಏರೊ. ಅಲ್ಲಿ ಜಗಳ ಎದ್ದದ್ದು ಗಾಜಿನ ಅಂದಕ್ಕಿಂತ ಅದು ಕೇಳುವ ಗ್ರಾಫಿಕ್ಸ್ ಶಕ್ತಿಯ ಬಗ್ಗೆ. 'ವಿಸ್ಟಾಗೆ ತಕ್ಕದ್ದು' ಎಂಬ ಚೀಟಿ ಅಂಟಿಸಿ ಮಾರಿದ ಎಷ್ಟೋ ಯಂತ್ರಗಳಲ್ಲಿ ಏರೊ ನಡೆಯುತ್ತಲೇ ಇರಲಿಲ್ಲ. ಅಮೆರಿಕದಲ್ಲಿ ಕೊಂಡವರು 2007ರಲ್ಲಿ ಕೋರ್ಟಿಗೇ ಹೋದರು. ಐದು ವರ್ಷ ಕಳೆದ ಮೇಲೆ ವಿಂಡೋಸ್ 8ರ ಹೊತ್ತಿಗೆ ಮೈಕ್ರೋಸಾಫ್ಟ್ ತಾನೇ ಆ ಗಾಜನ್ನು ಹಳೆಯ ಶೈಲಿ ಎಂದು ಕರೆದು ಕೈಬಿಟ್ಟಿತು.

ವಿಂಡೋಸ್ 8 ಬಗ್ಗೆ ನಿಧಾನಿಸಿ ನೋಡಬೇಕು. 2012ರ ಅಕ್ಟೋಬರ್ 26ರಂದು ಅದು ಮಾರುಕಟ್ಟೆಗೆ ಬಂದಾಗ 1995ರಿಂದ ಎಡಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ಇರಲಿಲ್ಲ. ಕಂಪ್ಯೂಟರ್ ಹಚ್ಚಿದರೆ ಪರದೆ ತುಂಬ ಬಣ್ಣಬಣ್ಣದ ಟೈಲ್‌ಗಳು. ಟ್ಯಾಬ್ಲೆಟ್‌ಗಳ ಕಾಲ ಬಂದಿದೆ, ಬೆರಳಿನಿಂದ ಮುಟ್ಟುವುದಕ್ಕೂ ಮೌಸಿಗೂ ಒಂದೇ ರೂಪ ಇರಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಸ್ಟಾರ್ಟ್ ಪರದೆಗೆ ಹೋಗಬೇಕಾದರೆ ಮೌಸನ್ನು ಎಡಗಡೆಯ ಕೆಳಮೂಲೆಗೆ ತಳ್ಳಬೇಕು. ಅಲ್ಲಿ ಏನೋ ಇದೆ ಎಂದು ಹೇಳುವ ಯಾವ ಗುರುತೂ ಇಲ್ಲ. ಮನೆಯ ಕಂಪ್ಯೂಟರಿನಲ್ಲಿ ಇದು ತೊಡಕು. ಕಚೇರಿಯ ಸರ್ವರ್ ನೋಡಿಕೊಳ್ಳುವವರಿಗೆ ಇದು ದಿನನಿತ್ಯದ ಗೋಳು. ಏಕೆಂದರೆ ಅದೇ ರೂಪವನ್ನು ವಿಂಡೋಸ್ ಸರ್ವರ್ 2012ಕ್ಕೂ ಹಾಕಿದ್ದರು. ಸರ್ವರನ್ನು ಯಾರೂ ಎದುರಿಗೆ ಕೂತು ನಡೆಸುವುದಿಲ್ಲ. ದೂರದಿಂದ, ತಮ್ಮ ಪರದೆಯ ಮೇಲೆ ತೆರೆದ ಒಂದು ಸಣ್ಣ ವಿಂಡೋದೊಳಗೆ ನಡೆಸುತ್ತಾರೆ. ಆ ಸಣ್ಣ ವಿಂಡೋದ ಮೂಲೆಗೆ ಮೌಸ್ ತಳ್ಳಿದರೆ ಅದು ಅಲ್ಲಿ ನಿಲ್ಲದೆ ಹೊರಗೆ ಜಾರಿಹೋಗುತ್ತದೆ. ಕೆಲವೇ ಪಿಕ್ಸೆಲ್‌ಗಳ ಆ ಜಾಗವನ್ನು ಹಿಡಿಯಲು ದಿನಕ್ಕೆ ಹತ್ತಾರು ಸಲ ಹೆಣಗಬೇಕು. ಮುಟ್ಟುವ ಪರದೆಗೆ ಮಾಡಿದ ಬಟ್ಟೆಯನ್ನು ಮುಟ್ಟದ ಯಂತ್ರಕ್ಕೂ ತೊಡಿಸಿದ ಫಲ ಇದು.

ಮುಂದೆ ಆದದ್ದು ಗೊತ್ತೇ ಇದೆ. ಹಳೆಯ ಸ್ಟಾರ್ಟ್ ಮೆನುವನ್ನು ತಂದುಕೊಡುವ ಕ್ಲಾಸಿಕ್ ಶೆಲ್‌ನಂತಹ ಹೊರಗಿನ ತಂತ್ರಾಂಶಗಳಿಗೆ ಜನ ಮೊರೆಹೋದರು. ಒಂದು ವರ್ಷದ ಬಳಿಕ, 2013ರ ಅಕ್ಟೋಬರಿನಲ್ಲಿ, 8.1ರ ಜೊತೆ ಬಟನ್ ಮರಳಿತು. 2015ರ ಜುಲೈನಲ್ಲಿ ವಿಂಡೋಸ್ 10ರ ಜೊತೆ ಮೆನುವೂ ಮರಳಿತು. ಮೂರು ವರ್ಷ ಕಳೆದರೂ ಜನ ಒಗ್ಗಿಕೊಳ್ಳಲಿಲ್ಲ, ಕಂಪನಿಯೇ ಒಗ್ಗಿಕೊಂಡಿತು. 2021ರ ವಿಂಡೋಸ್ 11 ಟಾಸ್ಕ್‌ಬಾರ್‌ನ ಐಕಾನುಗಳನ್ನು ನಡುವಿಗೆ ತಂದಾಗ ಎದ್ದ ಗೊಣಗಾಟ ಬೇಗ ನಿಂತಿತು, ಎಡಕ್ಕೆ ಸರಿಸುವ ಆಯ್ಕೆ ಮೊದಲಿನಿಂದಲೇ ಇತ್ತು. ತೆರೆದ ವಿಂಡೋಗಳ ಹೆಸರನ್ನು ಟಾಸ್ಕ್‌ಬಾರ್‌ನಲ್ಲಿ ಬಿಡಿಬಿಡಿಯಾಗಿ ತೋರಿಸುವ ಅನುಕೂಲವನ್ನು ತೆಗೆದದ್ದರ ಬಗ್ಗೆ ಮಾತ್ರ ದೂರು ನಿಲ್ಲಲೇ ಇಲ್ಲ, 2023ರಲ್ಲಿ ಅದನ್ನು ಹಿಂದಿರುಗಿಸಬೇಕಾಯಿತು.

ಲಿನಕ್ಸ್ ಲೋಕದಲ್ಲಿ ಇದೇ ಜಗಳ ಬೇರೆ ದಾರಿ ಹಿಡಿಯಿತು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ರೂಪ ಬಂದಾಗ ಹಳೆಯ ಟಾಸ್ಕ್‌ಬಾರ್, ವಿಂಡೋದ ಮಿನಿಮೈಸ್ ಬಟನ್ ಎರಡೂ ಇರಲಿಲ್ಲ. ಅದೇ ತಿಂಗಳು ಲಿನಕ್ಸಿನ ಒಂದು ಬಗೆಯಾದ ಉಬುಂಟು ತನ್ನದೇ 'ಯುನಿಟಿ' ರೂಪಕ್ಕೆ ಬದಲಾಯಿತು. ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಗ್ನೋಮ್ 3ನ್ನು ಬಹಿರಂಗವಾಗಿ ಟೀಕಿಸಿ ಕೆಲಕಾಲ ಬೇರೊಂದಕ್ಕೆ ಹೊರಟುಹೋದರು. ಮೂಲ ಕೋಡ್ ಎಲ್ಲರ ಕೈಯಲ್ಲಿದ್ದುದರಿಂದ ಒಪ್ಪದವರು ದೂರುತ್ತ ಕೂರಲಿಲ್ಲ. ಗ್ನೋಮ್ 2ನ್ನೇ ಮುಂದುವರಿಸುವ 'ಮಾಟೆ' ಹುಟ್ಟಿತು, ಲಿನಕ್ಸ್ ಮಿಂಟ್ ತಂಡ 'ಸಿನಮನ್' ಕಟ್ಟಿತು. ಎರಡೂ ಇಂದಿಗೂ ಬಳಕೆಯಲ್ಲಿವೆ. ಯುನಿಟಿಯನ್ನು ಉಬುಂಟು 2017ರಲ್ಲಿ ಕೈಬಿಟ್ಟು ಗ್ನೋಮ್‌ಗೆ ಮರಳಿತು. ಗ್ನೋಮ್ 3ರ ದಾರಿಯೇ ತಪ್ಪಾಗಿತ್ತೆಂದು ಹೇಳಲಾರೆ. ಹೋದ ಟೊರ್ವಾಲ್ಡ್ಸ್ ತಿರುಗಿ ಅದಕ್ಕೇ ಬಂದರು, ವರ್ಷ ಕಳೆದಂತೆ ಅದಕ್ಕೆ ಅದರದೇ ಆದ ಮೆಚ್ಚುಗೆಯ ಬಳಗವೂ ಬೆಳೆಯಿತು.

ನನ್ನ ವಾದಕ್ಕೆ ಇಲ್ಲೊಂದು ಎದುರುಮಾತು ಇದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಮೈಕ್ರೋಸಾಫ್ಟ್ ಆಫೀಸ್ 2007ರಲ್ಲಿ ಮೆನುಗಳ ಜಾಗದಲ್ಲಿ 'ರಿಬ್ಬನ್' ಎಂಬ ಬಟನ್ನುಗಳ ಪಟ್ಟಿ ಬಂದಾಗ ಎದ್ದದ್ದು ರುಚಿಯ ತಕರಾರಲ್ಲ, ಶುದ್ಧ ಕೆಲಸದ ತಕರಾರು. ವರ್ಷಗಟ್ಟಲೆ ಬೆರಳಿಗೆ ಕೂತ ದಾರಿಗಳೆಲ್ಲ ಅಳಿಸಿಹೋದವು. ಆದರೂ ರಿಬ್ಬನ್ ಉಳಿಯಿತು, ಜನ ಒಪ್ಪಿದರು. ಪರದೆಯ ಬುಡದಲ್ಲಿ ಐಕಾನುಗಳನ್ನು ಸಾಲಾಗಿಡುವ ಮ್ಯಾಕ್‌ನ ಡಾಕ್ ಕೂಡ ಹಾಗೆಯೇ. ಹಾಗಾದರೆ ಕೆಲಸದ ಎಲ್ಲ ದೂರುಗಳೂ ಒಂದೇ ತೂಕದವಲ್ಲ. ಇಲ್ಲಿ ಇನ್ನೊಂದು ಗೆರೆ ಎಳೆಯಬೇಕು. ಕೆಲವು ಬದಲಾವಣೆಗಳು ಒಂದೇ ಸಲ ದುಡಿಸಿಕೊಳ್ಳುತ್ತವೆ: ಹೊಸ ಜಾಗ ಕಲಿಯಬೇಕು, ಒಂದೆರಡು ವಾರ ಕಷ್ಟ, ಆಮೇಲೆ ಕೈ ತಾನಾಗಿ ಹೋಗುತ್ತದೆ. ರಿಬ್ಬನ್ ಈ ಬಗೆಯದು. ಇನ್ನು ಕೆಲವು ದಿನಾಲೂ ದುಡಿಸಿಕೊಳ್ಳುತ್ತವೆ. ಗಾಜಿನ ಮೇಲಿನ ಅಕ್ಷರಕ್ಕೆ ಕಣ್ಣು ಒಗ್ಗುವುದಿಲ್ಲ. ಐವತ್ತು ದಾಟಿದ ಕಣ್ಣಿಗಂತೂ ವರ್ಷದಿಂದ ವರ್ಷಕ್ಕೆ ಅದು ಹೆಚ್ಚು ಕಷ್ಟವೇ. ಸರ್ವರ್ ವಿಂಡೋದ ಮೂಲೆಯಿಂದ ಜಾರುವ ಮೌಸ್ ನೂರನೇ ದಿನವೂ ಜಾರುತ್ತದೆ. ವಿನ್ಯಾಸ ಬದಲಾಯಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಕಲಿತು ಮುಗಿದ ಮೇಲೂ ಶ್ರಮ ಉಳಿಯುತ್ತದೆಯೇ?

ಬದಲಾಯಿಸುವವರ ಕಡೆಯೂ ನ್ಯಾಯವಿದೆ. ಫೋನಿನಲ್ಲೇ ಕಂಪ್ಯೂಟರ್ ಕಲಿತ ತಲೆಮಾರಿಗೆ ಫೋನಿನಂತೆ ಕಾಣುವ ಮ್ಯಾಕ್ ಹೆಚ್ಚು ಪರಿಚಿತ. ಒಂದೇ ವಿನ್ಯಾಸ ಎಲ್ಲ ಕಡೆ ಇದ್ದರೆ ಆ್ಯಪ್ ಬರೆಯುವವರಿಗೂ ಕೆಲಸ ಹಗುರ. ಹತ್ತು ವರ್ಷ ಒಂದೇ ರೂಪದಲ್ಲಿ ನಿಂತ ವ್ಯವಸ್ಥೆಯೊಳಗೆ ಹಳೆಯ ತೇಪೆಗಳು ಕೂಡಿಬೀಳುತ್ತವೆ ಎಂಬುದೂ ನಿಜ. ವಿಂಡೋಸ್ 11ರಲ್ಲಿ ಹೊಸ ಸೆಟ್ಟಿಂಗ್ಸ್ ಪುಟದ ಹಿಂದೆ ಹಳೆಯ ಕಂಟ್ರೋಲ್ ಪ್ಯಾನೆಲ್ ಇನ್ನೂ ಬದುಕಿರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆದರೆ ಫೋನ್ ಮತ್ತು ಡೆಸ್ಕ್‌ಟಾಪ್ ಬಳಕೆ ಒಂದೇ ಅಲ್ಲ. ಫೋನಿನಲ್ಲಿ ಸಾಮಾನ್ಯವಾಗಿ ಒಂದು ಸಮಯಕ್ಕೆ ಒಂದು ಆ್ಯಪ್, ಪರದೆ ತುಂಬ. ಡೆಸ್ಕ್‌ಟಾಪ್‌ನಲ್ಲಿ ಒಂದರ ಮೇಲೊಂದು ಐದಾರು ವಿಂಡೋ. ಒಂದರ ಹಿಂದೆ ಒಂದು ಇರುವಲ್ಲೇ ಗಾಜು ಹೆಚ್ಚು ತೊಡಕು ಮಾಡುವುದು. ಅಂದದ ಖರ್ಚು ಯಂತ್ರದ ಮೇಲೂ ಬೀಳುತ್ತದೆ. ಟಾಹೋ ಬಂದ ಹೊಸದರಲ್ಲಿ ಅನೇಕ ಮ್ಯಾಕ್‌ಗಳು ನಿಧಾನವಾದವು. ಸ್ಲ್ಯಾಕ್, ಡಿಸ್ಕಾರ್ಡ್, ವಿಎಸ್ ಕೋಡ್‌ಗಳ ಅಡಿಯಲ್ಲಿರುವ ಎಲೆಕ್ಟ್ರಾನ್ ಎಂಬ ತಂತ್ರಾಂಶ ವಿಂಡೋದ ಮೂಲೆ ಮತ್ತು ನೆರಳಿಗೆ ಸಂಬಂಧಿಸಿದ, ಆ್ಯಪಲ್ ಹೊರಗಿನವರಿಗೆಂದು ಕೊಡದ ಒಂದು ಒಳದಾರಿಯನ್ನು ಬಳಸಿತ್ತು. ಟಾಹೋದಲ್ಲಿ ಅದರಿಂದ ಗ್ರಾಫಿಕ್ಸ್ ಚಿಪ್‌ನ ಮೇಲೆ ವಿಪರೀತ ಭಾರ ಬಿತ್ತು. ತಪ್ಪು ಎಲೆಕ್ಟ್ರಾನ್‌ನದೇ, ಅದನ್ನು ಆಮೇಲೆ ತಿದ್ದಿದರು. ಆದರೂ ಒಂದು ಮೂಲೆಯ ದುಂಡಗು ಎಷ್ಟು ದೂರ ಹೋಗಿ ತಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ನಮಗೆ ಈ ಚರ್ಚೆಯಲ್ಲಿ ನಮ್ಮದೇ ಪಾಲಿದೆ, ಅದನ್ನು ನಮ್ಮ ಪರವಾಗಿ ಬೇರೆ ಯಾರೂ ಹೇಳುವುದಿಲ್ಲ. ಸೈಡ್‌ಬಾರ್‌ನಲ್ಲಿ 'ಅರ್ಧವಾರ್ಷಿಕ ವರದಿ' ಎಂಬ ಹೆಸರಿನ ಫೋಲ್ಡರ್ ಇಟ್ಟುಕೊಂಡು ನೋಡಿ. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಪ ಹೋಗಿ ಷ ಆಗುವುದು ಹೊಟ್ಟೆಯೊಳಗಿನ ಒಂದು ಗೀಟಿನಿಂದ. ಎರಡು ಅರ್ಕಾವೊತ್ತುಗಳು ಬಲಕ್ಕೆ ಬಂದು ಕೂರುತ್ತವೆ. ಇಂಗ್ಲಿಷಿನ ಅಕ್ಷರಗಳು ಒಂದರಿಂದ ಒಂದು ಆಕಾರದಲ್ಲೇ ದೂರ. ಹಿನ್ನೆಲೆ ಮಸುಕಾದರೂ ಅಂದಾಜಿನಲ್ಲಿ ಓದಿಬಿಡಬಹುದು. ನಮ್ಮಲ್ಲಿ ಗುಂಡಗಿನ ಮೈ ಎಷ್ಟೋ ಅಕ್ಷರಗಳಿಗೆ ಒಂದೇ, ಬೇರೆ ಮಾಡುವುದು ತಲೆಕಟ್ಟು, ಸೀಳು, ಒತ್ತು ಮಾತ್ರ. ಸಣ್ಣ ಗಾತ್ರದಲ್ಲಿ ಆ ಸೀಳು ಒಂದೆರಡು ಪಿಕ್ಸೆಲ್. ಹಿಂದೆ ಚಿತ್ರದ ಬಣ್ಣ ಹರಿದಾಡಿದರೆ ಮೊದಲು ಅಳಿಸಿಹೋಗುವುದು ಅದೇ. ಇಂಗ್ಲಿಷ್ ಮೆನು ಪಾಸಾದ ಗಾಜಿನ ಮೇಲೆ ಕನ್ನಡ ಫೈಲಿನ ಹೆಸರು ಫೇಲಾಗಬಹುದು.

ಎತ್ತರದ ವಿಷಯವೂ ಹಾಗೆಯೇ. ಬಟನ್ನಿನ, ಮೆನು ಸಾಲಿನ ಎತ್ತರವನ್ನು ಗೊತ್ತುಮಾಡುವವರು ಲ್ಯಾಟಿನ್ ಅಕ್ಷರ ನೋಡಿ ಗೊತ್ತುಮಾಡುತ್ತಾರೆ. 'ರಾಷ್ಟ್ರ' ಎಂದು ಬರೆದರೆ ಷದ ಕೆಳಗೆ ಟ ಒತ್ತು, ಅದಕ್ಕೆ ಮತ್ತೆ ರ ಒತ್ತು. ಸಾಲು ಇಕ್ಕಟ್ಟಾದರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಹೊಸ ವಿನ್ಯಾಸ ಬಂದಾಗ ನಮ್ಮವರು ಮೊದಲು ನೋಡಬೇಕಾದದ್ದು ಗಾಜಿನ ಹೊಳಪನ್ನಲ್ಲ, ಒತ್ತಕ್ಷರದ ಬುಡವನ್ನು.

ನಮ್ಮ ಊರುಗಳ ಡಿಟಿಪಿ ಅಂಗಡಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಲಗ್ನಪತ್ರಿಕೆ, ಕರಪತ್ರ, ಊರ ಜಾತ್ರೆಯ ಆಹ್ವಾನಪತ್ರಿಕೆ ಮಾಡಿಕೊಡುವ ಈ ಅಂಗಡಿಗಳಲ್ಲಿ ಹಳೆಯ ವಿಂಡೋಸ್, ಪುಟ ವಿನ್ಯಾಸದ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ ಬಹಳ ಕಾಲ ಉಳಿದವು. ಅಡೋಬಿ 2001ರಲ್ಲಿ ಪೇಜ್‌ಮೇಕರ್ 7 ತಂದ ಮೇಲೆ ಮುಂದಿನ ಆವೃತ್ತಿ ತರಲೇ ಇಲ್ಲ. ಹಳೆಯದಕ್ಕೆ ಅಂಟಿಕೊಂಡವರು ಎಂದು ಇವರನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿವಿನ್ಯಾಸದ ಮೇಲೆ ಇವರ ಬೆರಳು ಪರದೆ ನೋಡದೆ ಓಡುತ್ತದೆ. ಸಾವಿರಾರು ಹಳೆಯ ಫೈಲುಗಳು ನುಡಿಯ ಫಾಂಟುಗಳಲ್ಲೇ ಇವೆ. ಗಿರಾಕಿ ಎದುರಿಗೆ ನಿಂತಿರುವಾಗ ಬಟನ್ ಹುಡುಕುತ್ತ ಕೂರುವಂತಿಲ್ಲ. ಇವರ ನಿಲುವನ್ನು ಹಠ ಎನ್ನುವುದು ತಪ್ಪು. ದಿನದ ದುಡಿಮೆಗೆ ಬೇಕಾದ ಸ್ಥಿರತೆ ಅದು. ಆ ಕೀಲಿವಿನ್ಯಾಸ ಇಷ್ಟು ವರ್ಷ ಕದಲದೆ ನಿಂತದ್ದರಿಂದ ಕನ್ನಡಕ್ಕೆ ಎಷ್ಟು ಲಾಭವಾಯಿತು ಎಂದು ಯೋಚಿಸಿದರೆ ಸ್ಥಿರತೆಯ ಬೆಲೆ ತಿಳಿಯುತ್ತದೆ.

ಟಾಹೋ ವಿಷಯದಲ್ಲಿ ದೂರು ಕೇಳಿಸಿಲ್ಲ ಎನ್ನಲಾಗದು. ಮೊದಲ ಡೆವಲಪರ್ ಬೀಟಾದಲ್ಲಿ ಫೈಲುಗಳನ್ನು ತೋರಿಸುವ ಫೈಂಡರ್ ಆ್ಯಪ್‌ನ ಐಕಾನಿನ ಎಡಬಲದ ಬಣ್ಣ ಅದಲುಬದಲಾಗಿತ್ತು. ಕೂಗೆದ್ದಿತು, ಎರಡನೇ ಬೀಟಾದಲ್ಲೇ ಮೊದಲಿನಂತಾಯಿತು. ಇದು ರುಚಿಯ ದೂರು, ತಿದ್ದುವುದು ಸುಲಭ. ಓದುವಿಕೆಯ ದೂರಿಗೆ ಉತ್ತರ ಬರಲು ನವೆಂಬರ್ ಬರಬೇಕಾಯಿತು: 26.1 ಅಪ್‌ಡೇಟ್‌ನಲ್ಲಿ ಗಾಜನ್ನು ತಿಳಿಯಾಗಿ ಇಡಬೇಕೋ ಛಾಯೆ ಹಾಕಿ ಗಟ್ಟಿ ಮಾಡಬೇಕೋ ಎಂಬ ಆಯ್ಕೆ ಸೇರಿತು. ಡಿಸೆಂಬರಿನಲ್ಲಿ ಆ್ಯಪಲ್‌ನ ಇಂಟರ್‌ಫೇಸ್ ವಿನ್ಯಾಸದ ಮುಖ್ಯಸ್ಥ ಅಲನ್ ಡೈ ಕಂಪನಿ ಬಿಟ್ಟು ಮೆಟಾಗೆ ಹೋಗುವ ಸುದ್ದಿ ಬಂತು, ಆ ಜಾಗಕ್ಕೆ ಬಹುಕಾಲದಿಂದ ಅಲ್ಲೇ ಇದ್ದ ಸ್ಟೀಫನ್ ಲಿಮೇ ಬಂದರು. ಲಿಕ್ವಿಡ್ ಗ್ಲಾಸ್ ಅದರಿಂದ ಹೋಗಿಬಿಡುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆಕ್ವಾ ಹೇಗೆ ವರ್ಷ ವರ್ಷ ಮಂಕಾಗುತ್ತ ಹದಕ್ಕೆ ಬಂತೋ ಇದೂ ಹಾಗೆ ಬರಬಹುದು. ಹೊಳಪು ಇರಲಿ. ಮೆನು ಬಾರ್‌ಗೆ ಹಿನ್ನೆಲೆ ಮೊದಲ ಆಯ್ಕೆಯಾಗಿ ಮರಳಬೇಕು, ಎಳೆಯುವ ಜಾಗ ಕಣ್ಣಿಗೆ ಕಾಣುವ ಮೂಲೆಯ ಒಳಗೆ ಬರಬೇಕು, ಆ್ಯಪ್‌ಗಳು ತಮ್ಮ ಐಕಾನಿನ ಆಕಾರವನ್ನು ತಾವೇ ಆರಿಸಿಕೊಳ್ಳುವಂತಾಗಬೇಕು. ಈ ಮೂರರಲ್ಲಿ ಯಾವುದೂ ಹೊಸ ವಿನ್ಯಾಸದ ಅಂದಕ್ಕೆ ಧಕ್ಕೆ ತರುವುದಿಲ್ಲ.

ಅಲ್ಲಿಯವರೆಗೆ, ಟಾಹೋ ಬಳಸುವವರು ಸಿಸ್ಟಮ್ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಡಿಸ್‌ಪ್ಲೇ ತೆರೆದು 'ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ' ಹಾಕಿಕೊಳ್ಳಿ, ಗಾಜೆಲ್ಲ ಗಟ್ಟಿಯಾಗುತ್ತದೆ. ಮೆನು ಬಾರ್‌ನ ಹಿನ್ನೆಲೆಗೆ ಸೆಟ್ಟಿಂಗ್ಸ್‌ನ ಮೆನು ಬಾರ್ ವಿಭಾಗದಲ್ಲೇ ಸ್ವಿಚ್ಚಿದೆ. ವಿಂಡೋಸ್ 11ರಲ್ಲಿ ಪರ್ಸನಲೈಸೇಷನ್ ಒಳಗಿನ ಕಲರ್ಸ್ ಪುಟದಲ್ಲಿ ಟ್ರಾನ್ಸ್‌ಪರೆನ್ಸಿಯನ್ನು ಆಫ್ ಮಾಡಬಹುದು. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಇದನ್ನು ನೀವೇ ಮಾಡಿಕೊಡಿ, ಅವರು ಕೇಳುವವರೆಗೆ ಕಾಯಬೇಡಿ. ಮತ್ತು ದೂರು ಬರೆಯುವಾಗ ಹೊಸದು ಚೆನ್ನಾಗಿಲ್ಲ ಎಂದು ಬರೆದು ಬಿಡಬೇಡಿ. ಮ್ಯಾಕ್‌ನಲ್ಲಿ ಫೀಡ್‌ಬ್ಯಾಕ್ ಅಸಿಸ್ಟೆಂಟ್, ವಿಂಡೋಸ್‌ನಲ್ಲಿ ಫೀಡ್‌ಬ್ಯಾಕ್ ಹಬ್ ಇವೆ. ಯಾವ ಪರದೆಯಲ್ಲಿ, ಯಾವ ಗಾತ್ರದಲ್ಲಿ, ಯಾವ ಅಕ್ಷರ ಓದಲಾಗಲಿಲ್ಲ ಎಂದು ಬರೆದು, ಕನ್ನಡ ಕಾಣುವ ಸ್ಕ್ರೀನ್‌ಶಾಟ್ ಒಂದನ್ನು ಜೊತೆಗೆ ಕಳುಹಿಸಿ.